ನಗರಾಡಳಿತದ ಮೇಲಧಿಕಾರಿಗಳ ಸಂಬಳ: ಶಿವಮೊಗ್ಗ, ಭದ್ರಾವತಿಗಳ ಲೆಕ್ಕ

ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕರ್ನಾಟಕದ ಸರ್ಕಾರಿ ನೌಕರರ ವೇತನ ಪರಿಷ್ಕರಣೆಗೊಂಡಾಗ, ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000 ರೂಪಾಯಿಗೂ ಗರಿಷ್ಠ ಮೂಲ ವೇತನ 1,50,600 ರೂಪಾಯಿಯಿಂದ 2,41,200 ರೂಪಾಯಿಗೂ ಏರಿತು. ಇದರಿಂದ ರಾಜ್ಯದ ಬೊಕ್ಕಸಕ್ಕೆ ವರ್ಷಕ್ಕೆ 20,208 ಕೋಟಿ ರೂಪಾಯಿಗಳ ಹೆಚ್ಚುವರಿ ಹೊರೆ ಬೀಳುವುದೆಂದು ಸರ್ಕಾರವೇ ಅಂದಾಜಿಸಿತ್ತು. ಇಂಥ ಪ್ರತಿ ಪರಿಷ್ಕರಣೆಯ ಹೊತ್ತಿನಲ್ಲೂ ತೆರಿಗೆ ಕಟ್ಟುವವರ ನಡುವೆ ಒಂದು ಅಸಮಾಧಾನ ತಲೆಯೆತ್ತುತ್ತದೆ. ಚರಂಡಿ ಕಟ್ಟಿಕೊಂಡಿರುವ, ಖಾತೆ ಬದಲಾವಣೆಗೆ ತಿಂಗಳುಗಟ್ಟಲೆ ಅಲೆಯಬೇಕಾಗಿರುವ ಊರಿನಲ್ಲಿ ಅದನ್ನು ಆಳುವ ಮೇಲಧಿಕಾರಿಗಳಿಗೆ ದೊಡ್ಡ ಸಂಬಳವೂ ಅದರ ಮೇಲೆ ಹೆಚ್ಚಳವೂ ಏಕೆ ಬೇಕು ಎಂಬುದು ಆ ಅಸಮಾಧಾನದ ತಿರುಳು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಹುಡುಕುವವರು ಸಂಬಳದ ಮೊತ್ತವನ್ನಷ್ಟೇ ನೋಡದೆ, ಆ ಮೊತ್ತವನ್ನು ಯಾರು ಯಾವ ಆಧಾರದ ಮೇಲೆ ನಿಗದಿಪಡಿಸುತ್ತಾರೆ ಎಂಬುದನ್ನೂ ನೋಡಬೇಕಾಗುತ್ತದೆ. ಶಿವಮೊಗ್ಗ ಮತ್ತು ಭದ್ರಾವತಿಗಳ ಮಟ್ಟಿಗೆ ನಿಜವಾದ ತೊಡಕು ಇರುವುದು ಅಲ್ಲಿಯೇ.

2013ರಲ್ಲಿ ನಗರಸಭೆಯಿಂದ ಮಹಾನಗರ ಪಾಲಿಕೆಯ ದರ್ಜೆಗೇರಿದ ಶಿವಮೊಗ್ಗದ ಆಡಳಿತ 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದಂತೆ ನಡೆಯುತ್ತದೆ; ಭದ್ರಾವತಿ ನಗರಸಭೆಯಾಗಿಯೇ ಉಳಿದಿರುವುದರಿಂದ ಅದಕ್ಕೆ 1964ರ ಪೌರಸಭೆಗಳ ಅಧಿನಿಯಮ ಅನ್ವಯಿಸುತ್ತದೆ. ಎರಡೂ ಕಡೆ 35 ವಾರ್ಡುಗಳಿದ್ದು, 2011ರ ಜನಗಣತಿಯ ಪ್ರಕಾರ ಶಿವಮೊಗ್ಗದಲ್ಲಿ ಸುಮಾರು 3.22 ಲಕ್ಷ, ಭದ್ರಾವತಿಯಲ್ಲಿ ಸುಮಾರು 1.51 ಲಕ್ಷ ಜನರಿದ್ದರು. ಪಾಲಿಕೆಯ ಕಾರ್ಯಾಂಗದ ಮುಖ್ಯಸ್ಥರನ್ನು ಆಯುಕ್ತರೆಂದೂ ನಗರಸಭೆಯ ಮುಖ್ಯಸ್ಥರನ್ನು ಪೌರಾಯುಕ್ತರೆಂದೂ ಕರೆಯಲಾಗುತ್ತದೆ. ಅವರ ಕೈಕೆಳಗೆ ಉಪ ಆಯುಕ್ತರು, ಎಂಜಿನಿಯರುಗಳು, ಆರೋಗ್ಯಾಧಿಕಾರಿ, ಕಂದಾಯಾಧಿಕಾರಿ, ಲೆಕ್ಕಾಧಿಕಾರಿಗಳು ಇರುತ್ತಾರೆ. ಈ ಮೇಲಿನ ಹುದ್ದೆಗಳಲ್ಲಿ ಕೂರುವವರು ಭಾರತೀಯ ಆಡಳಿತ ಸೇವೆ, ಕರ್ನಾಟಕ ಆಡಳಿತ ಸೇವೆ ಅಥವಾ ಪೌರಾಡಳಿತ ಸೇವೆಯಂಥ ಸೇವೆಗಳಿಂದ ಬಂದವರಾಗಿದ್ದು, ಅವರನ್ನು ನೇಮಿಸುವುದೂ ವರ್ಗಾಯಿಸುವುದೂ ರಾಜ್ಯ ಸರ್ಕಾರ. ಅವರ ಸಂಬಳದ ಒಂದು ರೂಪಾಯಿಯನ್ನೂ ಹೆಚ್ಚಿಸುವ ಅಥವಾ ಕಡಿಮೆ ಮಾಡುವ ಅಧಿಕಾರ ಶಿವಮೊಗ್ಗದ ಮೇಯರಿಗಾಗಲಿ ಭದ್ರಾವತಿಯ ನಗರಸಭಾಧ್ಯಕ್ಷರಿಗಾಗಲಿ ಇಲ್ಲ.

ಸಂಬಳ ಹೇಗೆ ಏರುತ್ತದೆ ಎಂಬುದನ್ನು ಒಂದು ಶ್ರೇಣಿಯನ್ನು ಹಿಡಿದು ನೋಡಿದರೆ ವಿಷಯ ತಿಳಿಯಾಗುತ್ತದೆ. ಕರ್ನಾಟಕ ಆಡಳಿತ ಸೇವೆಗೆ ಹೊಸದಾಗಿ ಸೇರುವ ಕಿರಿಯ ಶ್ರೇಣಿಯ ಅಧಿಕಾರಿಯ ವೇತನ ಶ್ರೇಣಿ ಮೊದಲು 52,650 ರೂಪಾಯಿಯಿಂದ 97,100 ರೂಪಾಯಿಯವರೆಗೆ ಇದ್ದದ್ದು ಈಗ 83,700ರಿಂದ 1,55,200 ಆಗಿದೆ. ಮೇಲ್ನೋಟಕ್ಕೆ ಇದು ಶೇ 59ರಷ್ಟು ಏರಿಕೆಯಾಗಿ ಕಾಣುತ್ತದಾದರೂ, ಅದರ ದೊಡ್ಡ ಪಾಲು ಹೊಸ ಹಣವಲ್ಲ. ಬೆಲೆ ಏರಿಕೆಯನ್ನು ಸರಿದೂಗಿಸಲು ಕಾಲಕಾಲಕ್ಕೆ ಕೊಡುವ ತುಟ್ಟಿಭತ್ಯೆ 2022ರ ಜುಲೈ 1ರ ವೇಳೆಗೆ ಮೂಲ ವೇತನದ ಶೇ 31ನ್ನು ಮುಟ್ಟಿತ್ತು. ಆಯೋಗ ಮಾಡಿದ್ದು ಆ ಶೇ 31ನ್ನು ಮೂಲ ವೇತನದಲ್ಲಿಯೇ ವಿಲೀನಗೊಳಿಸಿ, ಅದರ ಮೇಲೆ ಶೇ 27.5ರಷ್ಟು ನಿಜವಾದ ಹೆಚ್ಚಳವನ್ನು ಸೇರಿಸಿದ್ದು. ಹೀಗೆ ಹೆಚ್ಚಳವನ್ನು ಸೇರಿಸಿ ಹಳೆಯ ವೇತನವನ್ನು ಹೊಸ ಶ್ರೇಣಿಗೆ ಕೂರಿಸುವ ಕ್ರಮಕ್ಕೆ ಸರ್ಕಾರಿ ಭಾಷೆಯಲ್ಲಿ ಫಿಟ್‌ಮೆಂಟ್ ಎಂದು ಹೆಸರು. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯ ಆಯೋಗ 2022ರ ನವೆಂಬರಿನಲ್ಲಿ ರಚನೆಯಾಗಿ 2024ರ ಮಾರ್ಚಿನಲ್ಲಿ ವರದಿ ಒಪ್ಪಿಸುವುದರ ನಡುವೆ, 2023ರ ಮಾರ್ಚ್ 1ರಂದು ಸರ್ಕಾರಿ ನೌಕರರು ರಾಜ್ಯದಾದ್ಯಂತ ಮುಷ್ಕರ ಹೂಡಿ ಶೇ 17ರ ಮಧ್ಯಂತರ ಪರಿಹಾರವನ್ನು ಪಡೆದದ್ದು ನೆನಪಿಡಬೇಕಾದ ಸಂಗತಿ; ಆ ಮುಷ್ಕರದ ಮುಂದಾಳಾಗಿದ್ದ ನೌಕರರ ಸಂಘದ ರಾಜ್ಯಾಧ್ಯಕ್ಷ ಸಿ.ಎಸ್. ಷಡಾಕ್ಷರಿಯವರು ಶಿವಮೊಗ್ಗದಲ್ಲಿಯೇ ನೌಕರ ನಾಯಕರಾಗಿ ಬೆಳೆದವರು. ವೇತನ ಹೆಚ್ಚಳವೆಂಬುದು ಆಯೋಗದ ಲೆಕ್ಕದಿಂದ ಮಾತ್ರವಲ್ಲದೆ ಸಂಘಟನೆಯ ಬಲದಿಂದಲೂ ಬರುತ್ತದೆ ಎಂಬುದನ್ನು ಈ ಊರು ಹತ್ತಿರದಿಂದ ಕಂಡಿದೆ.

ಈ ಸಂಬಳ ಹೆಚ್ಚಾಯಿತೇ ಎಂಬ ಪ್ರಶ್ನೆಗೆ ಮೊದಲು ಕೆಲಸದ ತೂಕವನ್ನು ನೋಡಬೇಕು. ಪಾಲಿಕೆಯ ಆಯುಕ್ತರೆಂದರೆ ಕಡತಗಳಿಗೆ ರುಜು ಹಾಕುವ ಅಧಿಕಾರಿ ಮಾತ್ರವಲ್ಲ. ಕಾಯ್ದೆಯ ಪ್ರಕಾರ ಅವರೂ ಚುನಾಯಿತ ಸಭೆ ಮತ್ತು ಸ್ಥಾಯಿ ಸಮಿತಿಗಳಂತೆಯೇ ಪಾಲಿಕೆಯ ಒಂದು ಪ್ರಾಧಿಕಾರ. ಆಸ್ತಿ ತೆರಿಗೆಯ ವಸೂಲಿ, ಕಟ್ಟಡ ಪರವಾನಗಿ, ಕಸ ವಿಲೇವಾರಿ, ಬೀದಿದೀಪ, ರಸ್ತೆ, ಜನನ ಮರಣ ನೋಂದಣಿ, ಟೆಂಡರು, ಬಿಲ್ಲು ಪಾವತಿ ಎಲ್ಲದರ ಕೊನೆಯ ಹೊಣೆ ಬಂದು ನಿಲ್ಲುವುದು ಅವರಲ್ಲಿ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಕುಂಬಾರಗುಂಡಿಯಂಥ ತಗ್ಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿದಾಗ ಆ ಹೊಣೆ ಎಂಥದೆಂಬುದು ಕಣ್ಣಿಗೆ ಕಾಣುವಂತಾಯಿತು. ಇಂಥ ಹೊತ್ತಿನಲ್ಲಿ ಯಾವ ಓಣಿಯ ಜನರನ್ನು ಎಬ್ಬಿಸಿ ಎಲ್ಲಿಗೆ ಸಾಗಿಸಬೇಕು, ಯಾವ ಶಾಲೆಯಲ್ಲಿ ಗಂಜಿ ಕೇಂದ್ರ ತೆರೆಯಬೇಕು, ಗಾಜನೂರಿನ ಅಣೆಕಟ್ಟಿನಿಂದ ಎಷ್ಟು ನೀರು ಹೊರಬರುತ್ತಿದೆ ಎಂಬ ಮಾಹಿತಿ ಗಂಟೆಗೊಮ್ಮೆ ಯಾರಿಗೆ ತಲುಪಬೇಕು, ನೀರು ಇಳಿದ ಮೇಲೆ ಮನೆಯೊಳಗಿನ ಕೆಸರು, ಕೊಳೆತ ದವಸ, ಸತ್ತ ಜಾನುವಾರುಗಳನ್ನು ಎಷ್ಟು ದಿನದೊಳಗೆ ತೆಗೆಸಬೇಕು, ಕುಡಿಯುವ ನೀರಿಗೆ ಕೊಳಚೆ ಸೇರದಂತೆ ಏನು ಮಾಡಬೇಕು ಎಂಬ ತೀರ್ಮಾನಗಳನ್ನು ಜಿಲ್ಲಾಡಳಿತದೊಂದಿಗೆ ಸೇರಿ ಕೈಗೊಳ್ಳಬೇಕಾದವರು ನಗರದ ಅಧಿಕಾರಿಗಳೇ. ಇದಲ್ಲದೆ 2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಬಳಿಕ, ಕೇಂದ್ರದ 500 ಕೋಟಿ ಮತ್ತು ರಾಜ್ಯದ 500 ಕೋಟಿ ರೂಪಾಯಿಗಳ ಮಾದರಿಯಲ್ಲಿ ರೂಪುಗೊಂಡ ಕಾಮಗಾರಿಗಳು ಊರಿನ ರಸ್ತೆ ಚರಂಡಿಗಳಲ್ಲಿ ವರ್ಷಗಟ್ಟಲೆ ನಡೆದವು. ಇಷ್ಟು ಹಣ, ಇಷ್ಟು ಜನರ ಜೀವ ಮತ್ತು ಇಷ್ಟು ಒತ್ತಡಗಳ ನಡುವೆ ಕೆಲಸ ಮಾಡುವವರಿಗೆ ತಿಂಗಳಿಗೆ ಒಂದು, ಒಂದೂವರೆ ಲಕ್ಷ ರೂಪಾಯಿ ದೊಡ್ಡ ಸಂಬಳವೆನ್ನುವುದು ಸರಿಯಾಗದು. ಅದೇ ಅನುಭವದ ಎಂಜಿನಿಯರು ಅಥವಾ ವ್ಯವಸ್ಥಾಪಕರು ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಇದಕ್ಕಿಂತ ಹೆಚ್ಚು ಪಡೆಯುವುದು ಅಪರೂಪವೇನಲ್ಲ.

ಮೇಲಿನ ಮತ್ತು ಕೆಳಗಿನ ಸಂಬಳಗಳ ಅಂತರವನ್ನು ನೋಡಿದರೂ ಇದೇ ಮಾತು ನಿಲ್ಲುತ್ತದೆ. ರಾಜ್ಯದ ಹೊಸ ಶ್ರೇಣಿಗಳಲ್ಲಿ ಗರಿಷ್ಠ ಮೂಲ ವೇತನ ಕನಿಷ್ಠ ಮೂಲ ವೇತನದ ಸುಮಾರು ಒಂಬತ್ತು ಪಟ್ಟು; ಕೇಂದ್ರದಲ್ಲಿ 2016ರಿಂದ ಜಾರಿಗೆ ಬಂದ ಶ್ರೇಣಿಗಳಲ್ಲಿ 18,000 ರೂಪಾಯಿಯ ಕನಿಷ್ಠಕ್ಕೆ 2,50,000 ರೂಪಾಯಿಯ ಗರಿಷ್ಠ ಇದ್ದು, ಅಂತರ ಹದಿನಾಲ್ಕು ಪಟ್ಟಿಗೆ ಹತ್ತಿರವಾಗುತ್ತದೆ. ಖಾಸಗಿ ಉದ್ಯಮಗಳಲ್ಲಿ ಕಾಣುವ ಅಂತರಗಳ ಮುಂದೆ ಇವೆರಡೂ ಸಣ್ಣವು.

ನಗರವೊಂದರ ಮೇಲಧಿಕಾರಿಯ ಸಂಬಳ ನಿಜವಾಗಿ ಅತಿಯಾದಾಗ ಏನಾಗುತ್ತದೆ ಎಂಬುದಕ್ಕೆ ಹೊರದೇಶದ ಒಂದು ಪ್ರಕರಣವಿದೆ. ಅಮೆರಿಕದ ಬಹಳಷ್ಟು ಊರುಗಳಲ್ಲಿ ಆಡಳಿತ ನಡೆಸುವ ಮುಖ್ಯಾಧಿಕಾರಿಯನ್ನು ಚುನಾಯಿತ ಕೌನ್ಸಿಲೇ ಗೊತ್ತುಮಾಡಿಕೊಂಡು ಅವರ ಸಂಬಳವನ್ನೂ ತಾನೇ ನಿಗದಿಪಡಿಸುತ್ತದೆ. ಇಂಥ ಅಧಿಕಾರಿಗೆ ಸಿಟಿ ಮ್ಯಾನೇಜರ್ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ಬೆಲ್ ಎಂಬ, ಭದ್ರಾವತಿಯ ಕಾಲುಭಾಗದಷ್ಟೂ ಜನರಿಲ್ಲದ, ಬಹುಪಾಲು ದುಡಿಯುವ ವರ್ಗದವರೇ ಇರುವ ಪಟ್ಟಣದ ಸಿಟಿ ಮ್ಯಾನೇಜರ್ ರಾಬರ್ಟ್ ರಿಝೊ ವರ್ಷಕ್ಕೆ ಸುಮಾರು 7,87,000 ಡಾಲರ್ ಸಂಬಳ ಪಡೆಯುತ್ತಿದ್ದ ಸಂಗತಿಯನ್ನು 2010ರ ಜುಲೈನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಆಗ ಆ ದೇಶದ ಅಧ್ಯಕ್ಷರ ವಾರ್ಷಿಕ ಸಂಬಳ 4,00,000 ಡಾಲರ್ ಇತ್ತು. 2005ರಲ್ಲಿ ನಡೆದ, 400ಕ್ಕಿಂತಲೂ ಕಡಿಮೆ ಮತಗಳು ಬಿದ್ದ ಒಂದು ವಿಶೇಷ ಮತದಾನದಿಂದ ಬೆಲ್ ತನ್ನದೇ ಸನ್ನದು, ಅಂದರೆ ಸ್ವಂತ ಆಡಳಿತ ನಿಯಮಾವಳಿ, ಇರುವ ನಗರವಾಗಿ, ಕೌನ್ಸಿಲ್ ಸದಸ್ಯರ ಸಂಬಳಕ್ಕಿದ್ದ ರಾಜ್ಯದ ಮಿತಿಯಿಂದ ಪಾರಾಗಿತ್ತು. ಆ ಬಳಿಕ ಅಧಿಕಾರಿಗಳೂ ಸದಸ್ಯರೂ ಪರಸ್ಪರರ ಸಂಬಳ ಏರಿಸಿಕೊಂಡರು, ಆ ಭಾರ ತೆರಿಗೆಯಾಗಿ ಬಡ ಮನೆಗಳ ಮೇಲೆ ಬಿತ್ತು. ರಿಝೊಗೆ 2014ರಲ್ಲಿ ಹನ್ನೆರಡು ವರ್ಷಗಳ ಸೆರೆವಾಸ ವಿಧಿಸಲಾಯಿತು. ಈ ಹಗರಣದ ಬಳಿಕ ಕ್ಯಾಲಿಫೋರ್ನಿಯಾ ತನ್ನ ಎಲ್ಲ ನಗರಗಳ ಅಧಿಕಾರಿಗಳ ಸಂಬಳವನ್ನು ಸಾರ್ವಜನಿಕರು ನೋಡುವಂತೆ ಪ್ರಕಟಿಸತೊಡಗಿತು.

ಬೆಲ್‌ನಲ್ಲಿ ಸಂಬಳ ಊರಿನಲ್ಲಿಯೇ ತೀರ್ಮಾನವಾಗುತ್ತಿತ್ತು, ಆದರೆ ನೋಡುವವರಿರಲಿಲ್ಲ. ಶಿವಮೊಗ್ಗದ ಸ್ಥಿತಿ ಇದಕ್ಕೆ ತೀರಾ ಬೇರೆ. ಇಲ್ಲಿ ಸಂಬಳಕ್ಕೆ ಕಟ್ಟುನಿಟ್ಟಾದ ಶ್ರೇಣಿಯಿದೆ, ಯಾರೂ ಮನಬಂದಂತೆ ಏರಿಸಿಕೊಳ್ಳುವಂತಿಲ್ಲ. ಆ ಮಟ್ಟಿಗೆ ನಮ್ಮ ವ್ಯವಸ್ಥೆಯೇ ಮೇಲು ಎನ್ನಬೇಕು. ಆದರೆ ಆ ಶ್ರೇಣಿ ಇಡೀ ರಾಜ್ಯಕ್ಕೆ ಒಂದೇ ಆಗಿರುವುದರಿಂದ ಅದರಲ್ಲಿ ಶಿವಮೊಗ್ಗದ ಸ್ಥಿತಿಗತಿಗೆ ಜಾಗವೇ ಇಲ್ಲ. ನಗರದ ಗಾತ್ರ ಎಣಿಕೆಗೆ ಬರುವುದು ಮನೆ ಬಾಡಿಗೆ ಭತ್ಯೆಯಂಥ ಪೂರಕ ಮೊತ್ತಗಳಲ್ಲಿ ಮಾತ್ರ. ಆಸ್ತಿ ತೆರಿಗೆಯ ವಸೂಲಿ ಚೆನ್ನಾಗಿ ನಡೆದರೂ ನಡೆಯದಿದ್ದರೂ, ಒಳಚರಂಡಿಯ ಕೊಳಚೆ ತುಂಗೆಗೆ ಸೇರುವುದು ನಿಂತರೂ ನಿಲ್ಲದಿದ್ದರೂ, ವರ್ಷಕ್ಕೊಮ್ಮೆ ಸಿಗುವ ವೇತನ ಬಡ್ತಿ ಸಿಕ್ಕೇ ಸಿಗುತ್ತದೆ. ಅಧಿಕಾರಿಯ ಕೆಲಸವನ್ನು ಅಳೆಯಲು ವಾರ್ಷಿಕ ಕಾರ್ಯನಿರ್ವಹಣಾ ವರದಿ ಎಂಬುದೊಂದಿದ್ದರೂ ಅದನ್ನು ಬರೆಯುವವರು ಮೇಲಿನ ಅಧಿಕಾರಿಗಳು. ಊರಿನವರ ಅಥವಾ ಅವರ ಪ್ರತಿನಿಧಿಗಳ ಮಾತು ಅದರಲ್ಲಿ ದಾಖಲಾಗುವುದಿಲ್ಲ.

ಇದರ ಜೊತೆಗೆ ವರ್ಗಾವಣೆಯ ಸಮಸ್ಯೆಯಿದೆ. ಊರಿನ ಗಲ್ಲಿಗಳ, ಕಾಲುವೆಗಳ, ತೆರಿಗೆ ಬಾಕಿಗಳ ಪರಿಚಯ ಆಗುವಷ್ಟರಲ್ಲಿ ಅಧಿಕಾರಿ ಬೇರೆಡೆಗೆ ಹೋಗುವುದು ಕರ್ನಾಟಕದ ನಗರಾಡಳಿತದಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಮೂರು ವರ್ಷದ ಕಾಮಗಾರಿಯನ್ನು ಒಬ್ಬರು ಆರಂಭಿಸಿ, ಇನ್ನೊಬ್ಬರು ಮಧ್ಯದಲ್ಲಿ ಕೈಗೆತ್ತಿಕೊಂಡು, ಮೂರನೆಯವರು ಬಿಲ್ಲು ಪಾವತಿಸುವಂತಾದರೆ, ಅದರ ಗುಣಮಟ್ಟಕ್ಕೆ ಯಾರ ಸಂಬಳವನ್ನು ಹೊಣೆ ಮಾಡಬೇಕು? ಚುನಾಯಿತರ ಕಡೆಯಲ್ಲೂ ಇದೇ ಕೊರತೆ. ಶಿವಮೊಗ್ಗದಂಥ ಪಾಲಿಕೆಗಳಲ್ಲಿ ಮೇಯರ್ ಪದವಿಯ ಅವಧಿ ಬರೀ ಒಂದು ವರ್ಷ. ಅದರ ಮೇಲೆ, 2018ರ ಆಗಸ್ಟ್ ಕೊನೆಯಲ್ಲಿ ಚುನಾಯಿತವಾದ ಶಿವಮೊಗ್ಗದ ಪಾಲಿಕೆ ಸಭೆಯ ಅವಧಿ 2023ರ ಕೊನೆಗೆ ಮುಗಿದಾಗ ಅದರ ಜಾಗಕ್ಕೆ ಹೊಸ ಸಭೆ ಬರಲಿಲ್ಲ, ಪಾಲಿಕೆ ಆಡಳಿತಾಧಿಕಾರಿಯ ಸುಪರ್ದಿಗೆ ಹೋಯಿತು. ಅಂದರೆ ಮೇಲಧಿಕಾರಿಯನ್ನು ಸಭೆಯಲ್ಲಿ ನಿಲ್ಲಿಸಿ ಪ್ರಶ್ನಿಸಬಲ್ಲವರೇ ಇಲ್ಲವಾದರು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದು, ನಗರಗಳಿಗೆ ವರ್ಗಾಯಿಸಬಹುದಾದ ಹದಿನೆಂಟು ವಿಷಯಗಳನ್ನು ಹನ್ನೆರಡನೇ ಅನುಸೂಚಿಯಲ್ಲಿ ಪಟ್ಟಿಮಾಡಿದ ಮೇಲೂ ಇಂಥ ಶೂನ್ಯ ಉಳಿದಿರುವುದು ಸಣ್ಣ ಲೋಪವಲ್ಲ. ವೇತನ ಏರಿಕೆಯ ಬಗ್ಗೆ ಜನರಿಗಿರುವ ಸಿಟ್ಟಿನ ಬೇರು ಬಹುಮಟ್ಟಿಗೆ ಇಲ್ಲಿದೆ.

ಸಂಬಳವನ್ನೂ ಸೇವೆಯನ್ನೂ ನೇರವಾಗಿ ಜೋಡಿಸಿದ ಒಂದು ಕಾನೂನು ಕರ್ನಾಟಕದಲ್ಲಿಯೇ ಇರುವುದನ್ನು ಇಲ್ಲಿ ವಿವರವಾಗಿ ನೋಡುವುದು ಒಳ್ಳೆಯದು. 2011ರಲ್ಲಿ ಅಂಗೀಕಾರವಾಗಿ 2012ರ ಏಪ್ರಿಲ್ 2ರಿಂದ ರಾಜ್ಯವೆಲ್ಲ ವಿಸ್ತರಿಸಿದ ಸಕಾಲ ಕಾಯ್ದೆಯ ಪ್ರಕಾರ, ಖಾತೆ, ಜನನ ಪ್ರಮಾಣಪತ್ರ, ಕಟ್ಟಡ ಪರವಾನಗಿಗಳಂಥ ಗೊತ್ತುಪಡಿಸಿದ ಸೇವೆಗಳಿಗೆ ಅರ್ಜಿ ಕೊಟ್ಟವರಿಗೆ ಕಚೇರಿಯವರು ಸ್ವೀಕೃತಿ ಸಂಖ್ಯೆಯಿರುವ ರಸೀದಿ ಕೊಡಬೇಕು. ಸೇವೆಗೆ ನಿಗದಿಯಾದ ದಿನಗಳು ಮೀರಿದರೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿಯವರೆಗೆ ಅರ್ಜಿದಾರರಿಗೆ ಪರಿಹಾರ ಸಲ್ಲಬೇಕು, ಆ ಹಣವನ್ನು ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ ವಸೂಲು ಮಾಡಬೇಕು. ಮೊತ್ತ ಚಿಕ್ಕದು, ಆದರೆ ತತ್ವ ದೊಡ್ಡದು: ನಾಗರಿಕರ ಸಮಯಕ್ಕೆ ಬೆಲೆಯಿದೆ, ಆ ಬೆಲೆಯನ್ನು ತೆರಬೇಕಾದವರು ಸಂಬಳ ಪಡೆಯುವವರೇ ಎಂಬುದನ್ನು ಶಾಸನವೇ ಒಪ್ಪಿಕೊಂಡಂತಾಯಿತು. ಆದರೆ ಈ ಕಾನೂನಿಗೆ ಎರಡು ಮಿತಿಗಳಿವೆ. ದಿನಕ್ಕೆ 20 ರೂಪಾಯಿ ಎಂಬುದು ಒಂದು ದಶಕಕ್ಕೂ ಹಿಂದಿನ ದರ. ಆ ಅವಧಿಯಲ್ಲಿ ವೇತನ ಮತ್ತೆ ಮತ್ತೆ ಪರಿಷ್ಕರಣೆಯಾಗಿದೆ, ತುಟ್ಟಿಭತ್ಯೆ ಎಷ್ಟೋ ಬಾರಿ ಏರಿದೆ, ಪರಿಹಾರದ ಮೊತ್ತಕ್ಕೆ ಮಾತ್ರ ಬೆಲೆ ಏರಿಕೆ ತಾಕಿದಂತಿಲ್ಲ. ಎರಡನೆಯದಾಗಿ, ಹೊಣೆ ಬೀಳುವುದು ಅರ್ಜಿಯನ್ನು ವಿಲೇ ಮಾಡಬೇಕಾದ ಕೆಳಹಂತದ ಗೊತ್ತುಪಡಿಸಿದ ಅಧಿಕಾರಿಯ ಮೇಲೆ. ಸಿಬ್ಬಂದಿ ಸಾಲದೆ ಇಡೀ ವಿಭಾಗವೇ ಕುಂಟುತ್ತಿದ್ದರೂ ಆ ಕೊರತೆಯನ್ನು ತುಂಬಬೇಕಾದವರ ಸಂಬಳಕ್ಕೆ ಅದರ ಬಿಸಿ ಮುಟ್ಟುವುದಿಲ್ಲ.

ಹಾಗಾದರೆ ಮೇಲಧಿಕಾರಿಗಳ ವೇತನ ಬಡ್ತಿಯನ್ನೇ ಸಾಧನೆಗೆ ಕಟ್ಟಿಹಾಕಬಹುದಲ್ಲ ಎಂಬ ಸಲಹೆ ಬರುವುದು ಸಹಜ. ಕೇಂದ್ರದಲ್ಲಿ ಆರನೇ ವೇತನ ಆಯೋಗವೂ ಏಳನೇ ಆಯೋಗವೂ ಕಾರ್ಯಸಾಧನೆಗೆ ತಕ್ಕ ಸಂಭಾವನೆಯನ್ನು ಶಿಫಾರಸು ಮಾಡಿದ್ದವು, ಆದರೂ ಅದು ವ್ಯಾಪಕವಾಗಿ ಜಾರಿಗೆ ಬರಲಿಲ್ಲ. ನಗರಾಡಳಿತದಲ್ಲಿ ಈ ದಾರಿ ಅಪಾಯವಿಲ್ಲದ್ದೇನಲ್ಲ. ತೆರಿಗೆ ವಸೂಲಿಯ ಮೊತ್ತವನ್ನೇ ಅಳತೆಗೋಲು ಮಾಡಿದರೆ, ಸುಲಭವಾಗಿ ಕಟ್ಟುವ ಬಡಾವಣೆಗಳ ಮೇಲೆಯೇ ಒತ್ತಡ ಬಿದ್ದು, ದೊಡ್ಡ ಬಾಕಿದಾರರು ಹಾಗೆಯೇ ಉಳಿದುಕೊಳ್ಳಬಹುದು. ದೂರುಗಳ ಸಂಖ್ಯೆಯನ್ನು ಅಳತೆ ಮಾಡಿದರೆ ದೂರು ದಾಖಲಿಸಿಕೊಳ್ಳುವುದೇ ಕಡಿಮೆಯಾಗಬಹುದು. ಪ್ರವಾಹ ಬರದಂತೆ ಮುಂಗಾರಿಗೆ ಮೊದಲೇ ರಾಜಕಾಲುವೆಯ ಹೂಳು ತೆಗೆಸಿದ ಅಧಿಕಾರಿಯ ಸಾಧನೆಯನ್ನು ಯಾವ ಅಂಕಿಅಂಶವೂ ತೋರಿಸದು. ಆದ್ದರಿಂದ ಅಂಕಗಳ ಲೆಕ್ಕಕ್ಕಿಂತ ಊರಿನವರ ಎದುರಿನ ಪರಿಶೀಲನೆಯೇ ಹೆಚ್ಚು ನಂಬಿಕೆಗೆ ಅರ್ಹವಾದದ್ದು.

ಭದ್ರಾವತಿಯ ಮಾತು ಬಂದಾಗ ಸರ್ ಎಂ. ವಿಶ್ವೇಶ್ವರಯ್ಯನವರ ಉದಾಹರಣೆಯನ್ನು ಬಿಡುವಂತಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಮೊದಲಲ್ಲೇ ನಷ್ಟಕ್ಕೆ ಸಿಲುಕಿದಾಗ, ದಿವಾನಗಿರಿಯಿಂದ ಅದಾಗಲೇ ನಿವೃತ್ತರಾಗಿದ್ದ ಅವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದು ಅದನ್ನು ತನ್ನ ಕಾಲ ಮೇಲೆ ನಿಲ್ಲಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ತಾವು ಇಟ್ಟುಕೊಳ್ಳದೆ ಔದ್ಯೋಗಿಕ ಶಿಕ್ಷಣಕ್ಕೆ ಬಿಟ್ಟುಕೊಟ್ಟದ್ದರಿಂದ ಬೆಂಗಳೂರಿನಲ್ಲಿ 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ಹುಟ್ಟಿಕೊಂಡಿತು. ಭದ್ರಾವತಿಯಲ್ಲಿ ಇದನ್ನು ಹೆಮ್ಮೆಯಿಂದ ನೆನೆಯುವುದು ಉಚಿತವೇ. ಆದರೆ ಇದನ್ನೇ ಮುಂದಿಟ್ಟು ಇಂದಿನ ಅಧಿಕಾರಿಗಳೂ ಕಡಿಮೆ ಸಂಬಳಕ್ಕೆ ದುಡಿಯಲಿ ಎನ್ನುವುದು ವಿವೇಕವಲ್ಲ, ಏಕೆಂದರೆ ಒಬ್ಬ ಮಹನೀಯರ ತ್ಯಾಗದ ಮೇಲೆ ವೇತನ ನೀತಿಯನ್ನು ಕಟ್ಟಲು ಬರುವುದಿಲ್ಲ. ಸಂಬಳ ಸಾಲದ ಹುದ್ದೆಗೆ ಉಳ್ಳವರು ಮಾತ್ರ ಬರುತ್ತಾರೆ, ಇಲ್ಲವೇ ಬೇರೆ ದಾರಿಯಲ್ಲಿ ಗಳಿಸಬಯಸುವವರು ಬರುತ್ತಾರೆ. ವಿಶ್ವೇಶ್ವರಯ್ಯನವರಿಂದ ಕಲಿಯಬೇಕಾದದ್ದು ಇನ್ನೊಂದಿದೆ: ಅವರು ಆ ಕಾರ್ಖಾನೆಯ ಜೊತೆ ಆರು ವರ್ಷ ಇದ್ದರು, ಅದರ ಲಾಭನಷ್ಟವನ್ನು ತಮ್ಮದೆಂದುಕೊಂಡರು.

ಇಂದಿನ ಭದ್ರಾವತಿಯ ಸ್ಥಿತಿ ಈ ಪ್ರಶ್ನೆಯನ್ನು ಇನ್ನಷ್ಟು ಕಠಿಣಗೊಳಿಸಿದೆ. ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ ಸುಮಾರು ಒಂದು ದಶಕದ ಹಿಂದೆಯೇ ನಿಂತಿದೆ. ವಿಶ್ವೇಶ್ವರಯ್ಯನವರು ದುಡಿದ ಆ ಕಬ್ಬಿಣದ ಕಾರ್ಖಾನೆಯೇ ಮುಂದೆ ವಿ.ಐ.ಎಸ್.ಎಲ್. ಆಯಿತು; 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾದ ಅದನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಮುಂದೆ ದೀರ್ಘ ಹೋರಾಟಕ್ಕೆ ಕುಳಿತರು. ಕಾರ್ಖಾನೆಗಳ ಸಂಬಳದಿಂದ ನಡೆಯುತ್ತಿದ್ದ ಅಂಗಡಿ, ಬಾಡಿಗೆ ಮನೆ, ಹೋಟೆಲುಗಳ ವ್ಯಾಪಾರ ಇಳಿದರೆ ನಗರಸಭೆಯ ತೆರಿಗೆ, ಪರವಾನಗಿ ಶುಲ್ಕಗಳ ಮೂಲವೂ ಸೊರಗುತ್ತದೆ. ಇಂಥ ಊರಿನ ಪೌರಾಯುಕ್ತರ ಸಂಬಳ ಬೆಳೆಯುತ್ತಿರುವ ಊರಿನ ಪೌರಾಯುಕ್ತರ ಸಂಬಳದಷ್ಟೇ ಇರುವುದು ಒಂದು ದೃಷ್ಟಿಯಿಂದ ಸರಿಯಾದ ವ್ಯವಸ್ಥೆ, ಏಕೆಂದರೆ ಸಂಬಳವನ್ನು ಊರಿನ ವರಮಾನಕ್ಕೇ ಬಿಟ್ಟಿದ್ದರೆ ಸಮರ್ಥ ಅಧಿಕಾರಿಗಳು ಶ್ರೀಮಂತ ನಗರಗಳಿಗೆ ಹೋಗಿ, ಕಷ್ಟದಲ್ಲಿರುವ ಊರುಗಳಿಗೆ ಉಳಿದವರು ಸಿಗುತ್ತಿದ್ದರು. ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವೇತನಕ್ಕೆಂದೇ ಒಂದು ಭಾಗವನ್ನು ನಗರ ಸಂಸ್ಥೆಗಳಿಗೆ ಕೊಡುವುದರ ಅಗತ್ಯವೂ ಇಲ್ಲಿಯೇ ಕಾಣುತ್ತದೆ.

ಆದರೆ ಆ ರಕ್ಷಣೆ ಮೇಲಿನವರಿಗೆ ಸಿಕ್ಕಷ್ಟು ಸುಲಭವಾಗಿ ಕೆಳಗಿನವರಿಗೆ ಸಿಗುವುದಿಲ್ಲ. 2025ರ ಜುಲೈನಲ್ಲಿ ರಾಜ್ಯದ ಮಹಾನಗರ ಪಾಲಿಕೆಗಳ ನೌಕರರು ಕೆಲಸದಿಂದ ದೂರ ಉಳಿದು ಪ್ರತಿಭಟಿಸಿದಾಗ, ಏಳನೇ ವೇತನ ಆಯೋಗದ ಸೌಲಭ್ಯ ತಮಗೂ ಪೂರ್ಣವಾಗಿ ದೊರೆಯಬೇಕು ಎಂಬುದು ಅವರ ಬೇಡಿಕೆಗಳಲ್ಲಿ ಸೇರಿತ್ತು. ಪೌರಕಾರ್ಮಿಕರ ವಿಷಯ ಇನ್ನೂ ಹಿಂದಿನದು. ಊರು ಏಳುವ ಮುನ್ನ ಶಿವಮೊಗ್ಗದ ಗಾಂಧಿಬಜಾರಿನ, ದುರ್ಗಿಗುಡಿಯ ಬೀದಿಗಳನ್ನು ಗುಡಿಸುವ ಇವರು ದಶಕಗಳ ಕಾಲ ಗುತ್ತಿಗೆದಾರರ ಕೈಕೆಳಗೆ, ಸಂಬಳದ ದಿನಾಂಕವೇ ಗೊತ್ತಿಲ್ಲದೆ ದುಡಿದರು. 2017ರ ಸುಮಾರಿಗೆ ಗುತ್ತಿಗೆ ಪದ್ಧತಿಯ ಬದಲು ನೇರ ಪಾವತಿ ಬಂದರೂ ಅವರು ಕಾಯಂ ನೌಕರರಾಗಲಿಲ್ಲ. 2022ರ ಜುಲೈನಲ್ಲಿ ರಾಜ್ಯವ್ಯಾಪಿ ಮುಷ್ಕರ ನಡೆಸಿದ ಮೇಲೆಯೇ 11,133 ಪೌರಕಾರ್ಮಿಕರನ್ನು ಕಾಯಂಗೊಳಿಸುವ ತೀರ್ಮಾನವನ್ನು ಸರ್ಕಾರ ಕೈಗೊಂಡಿತು. ಕಸದ ವಾಹನಗಳ ಚಾಲಕರು, ಸಹಾಯಕರು, ಒಳಚರಂಡಿ ಕೆಲಸಗಾರರು ತಮಗೂ ಅದೇ ನ್ಯಾಯ ಸಿಗಲೆಂದು ಕೇಳುತ್ತ ಬಂದಿದ್ದಾರೆ. ಮೇಲಧಿಕಾರಿಯ ಸಂಬಳ ಹೆಚ್ಚಾಯಿತೆಂದು ಅದನ್ನು ಕತ್ತರಿಸಿದರೆ ಇವರ ಕೈಗೆ ಬರುವುದು ಏನೂ ಇಲ್ಲ, ಏಕೆಂದರೆ ಮೇಲಿನ ಹುದ್ದೆಗಳು ಬೆರಳೆಣಿಕೆಯವು. ಆದರೆ ಕೆಳಗಿನವರ ಬಾಕಿ ಉಳಿದಿರುವಾಗ ಮೇಲಿನವರ ಹೆಚ್ಚಳ ಮಾತ್ರ ಯಾವ ಅಡೆತಡೆಯಿಲ್ಲದೆ ತಲುಪುವುದನ್ನು ಒಪ್ಪಿಕೊಳ್ಳಲು ಸಾಧ್ಯವಿಲ್ಲ. ಹಣ ಬಿಡುಗಡೆಯ ಕ್ರಮವನ್ನೇ ತಿರುಗಿಸಿ, ಪ್ರತಿ ಪರಿಷ್ಕರಣೆಯೂ ಪೌರಕಾರ್ಮಿಕರಿಂದ ಆರಂಭವಾಗಿ ಆಯುಕ್ತರಲ್ಲಿ ಕೊನೆಗೊಳ್ಳುವಂತೆ ಮಾಡಲು ಯಾವ ಹೊಸ ಕಾನೂನೂ ಬೇಕಾಗಿಲ್ಲ, ಸರ್ಕಾರದ ಒಂದು ಆದೇಶ ಸಾಕು.

ಊರಿನವರ ಕೈಯಲ್ಲಿ ಈಗಾಗಲೇ ಇರುವ ಒಂದು ಸಾಧನವೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆ. ಅದರ 4ನೇ ಪ್ರಕರಣದ ಪ್ರಕಾರ, ಪ್ರತಿ ಅಧಿಕಾರಿ ಮತ್ತು ನೌಕರರು ಪಡೆಯುವ ತಿಂಗಳ ಸಂಬಳವನ್ನು ಯಾರೂ ಅರ್ಜಿ ಹಾಕದಿದ್ದರೂ ಸಾರ್ವಜನಿಕ ಪ್ರಾಧಿಕಾರ ತಾನಾಗಿಯೇ ಪ್ರಕಟಿಸಬೇಕು. ಬೆಲ್ ಹಗರಣದ ನಂತರ ಕ್ಯಾಲಿಫೋರ್ನಿಯಾ ಮಾಡಿದ್ದನ್ನು ಭಾರತದ ಶಾಸನ ಅದಕ್ಕೂ ಐದು ವರ್ಷ ಮೊದಲೇ ಬರೆದಿಟ್ಟಿತ್ತು. ಈ ಪಟ್ಟಿಯನ್ನು ಕಡತದಲ್ಲಿ ಇಡದೆ ಪಾಲಿಕೆಯ ಮತ್ತು ನಗರಸಭೆಯ ವಾರ್ಷಿಕ ಬಜೆಟ್ ಪ್ರತಿಯೊಂದಿಗೇ ಸೇರಿಸಿ, ಅದರ ಪಕ್ಕದಲ್ಲಿ ಆ ವರ್ಷ ವಸೂಲಾದ ತೆರಿಗೆ, ಸಕಾಲ ಕಾಯ್ದೆಯಡಿ ತಡವಾದ ಅರ್ಜಿಗಳು, ಖಾಲಿ ಉಳಿದ ಹುದ್ದೆಗಳು ಹಾಗೂ ಪೌರಕಾರ್ಮಿಕರಿಗೆ ಕೊಡಬೇಕಾದ ಬಾಕಿಯ ವಿವರಗಳನ್ನು ಅಚ್ಚು ಮಾಡಿ, ಚುನಾಯಿತ ಸಭೆಯಲ್ಲಿ ಒಂದು ದಿನ ಅದರ ಮೇಲೆಯೇ ಚರ್ಚೆ ನಡೆಸಿ, ಆ ಚರ್ಚೆಯ ನಡಾವಳಿಯನ್ನು ಆಯುಕ್ತರ ಕಾರ್ಯನಿರ್ವಹಣಾ ವರದಿಗೆ ಲಗತ್ತಿಸಬಹುದು. ಶಿವಮೊಗ್ಗದಲ್ಲಿ ಇದು ನಡೆಯಬೇಕಾದರೆ ಮೊದಲು ಪಾಲಿಕೆಯ ಸಭಾಂಗಣದಲ್ಲಿ 35 ವಾರ್ಡುಗಳ ಚುನಾಯಿತ ಸದಸ್ಯರು ಕುಳಿತಿರಬೇಕು, ಮತ್ತು ಅವರು ಪ್ರಶ್ನಿಸುವ ಆಯುಕ್ತರು ಆ ವರ್ಷದುದ್ದಕ್ಕೂ ಅದೇ ಕುರ್ಚಿಯಲ್ಲಿ ಇದ್ದವರಾಗಿರಬೇಕು.